ಗೇಮಿಂಗ್ ಮಾನಿಟರ್: ಒಳ್ಳೆಯ ಚಿತ್ರ ಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಾನಿಟರ್ ತಗೊಳ್ಳೋಕೆ ಹೊರಟವರು ಮೊದಲು ಕೇಳುವುದು ಎಷ್ಟು ಹರ್ಟ್ಜ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ), ಎಷ್ಟು ಮಿಲಿಸೆಕೆಂಡ್ (ಪಿಕ್ಸೆಲ್ ಬಣ್ಣ ಬದಲಿಸಲು ಎಷ್ಟು ಹೊತ್ತು) ಅಂತ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದೂ ಅವೇ ಎರಡು. ಆದರೆ ಆಟದೊಳಗಿನ ರಾತ್ರಿ ರಾತ್ರಿಯ ಹಾಗೇ ಕಾಣುತ್ತದಾ, ಕಾಡಿನ ಹಸಿರು ಹಸಿರಾಗಿಯೇ ಇರುತ್ತದಾ ಅನ್ನುವುದು ಆ ಸಂಖ್ಯೆಗಳಿಂದ ಗೊತ್ತಾಗುವುದಿಲ್ಲ. ಅದಕ್ಕೆ ನೋಡಬೇಕಾದ್ದು ಬೇರೆ. ಕಪ್ಪು ಎಷ್ಟು ಕಪ್ಪಾಗಿ ಬರುತ್ತದೆ, ನೀವು ಕೂರುವ ಕೋಣೆಯಲ್ಲಿ ಬೆಳಕು ಎಷ್ಟಿದೆ, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಎಷ್ಟು ಎಳೆಯುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಕೋಣೆಯಿಂದ. ನೀವು ಆಡುವುದು ಹಗಲು ಹೊತ್ತಿನಲ್ಲಾ, ರಾತ್ರಿ ದೀಪ ಆರಿಸಿಯಾ? ಬೆನ್ನ ಹಿಂದೆ ಕಿಟಕಿ ಇದೆಯಾ? ಕೋಣೆಯ ಬೆಳಕು ಪರದೆಯ ಮೇಲೆ ಬಿದ್ದು ವಾಪಸ್ ಬರುತ್ತದೆ, ಆಗ ಎಂಥಾ ಒಳ್ಳೆಯ ಪ್ಯಾನೆಲ್ (ಚಿತ್ರ ಮೂಡಿಸುವ ಹಲಗೆ) ಆದರೂ ಕಪ್ಪು ಜಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬೆಳಕು ತುಂಬಿದ ಕೋಣೆಗೆ ಪ್ರಕಾಶ ಜಾಸ್ತಿ ಇರುವ, ಮ್ಯಾಟ್ (ಹೊಳಪಿಲ್ಲದ) ಪರದೆಯ ಮಾನಿಟರ್ ಬೇಕು. ಕತ್ತಲೆ ಕೋಣೆಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಪ್ರಕಾಶ ಕಡಿಮೆ ಇದ್ದರೂ ನಡೆಯುತ್ತದೆ, ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಅಂತರ) ಮಾತ್ರ ಜಾಸ್ತಿ ಇರಲೇಬೇಕು.

ಆಮೇಲೆ ಕಾರ್ಡ್ ನೋಡಿ. ಆಮೇಲೆ ನೀವು ಆಡುವ ಆಟ ಎಂಥದ್ದು ಅಂತ ನೋಡಿ. ಸ್ಪರ್ಧೆಯ ಶೂಟರ್ ಆಡುವವರಿಗೆ ಬೇಕಾದದ್ದೇ ಬೇರೆ, ಕಥೆ ಇರುವ ದೊಡ್ಡ ಆಟವನ್ನು ನಿಧಾನಕ್ಕೆ ಸುತ್ತಾಡಿಕೊಂಡು ಆಡುವವರಿಗೆ ಬೇಕಾದದ್ದೇ ಬೇರೆ.

ಯಾವ ಗಾತ್ರಕ್ಕೆ ಯಾವ ರೆಸಲ್ಯೂಷನ್?

ರೆಸಲ್ಯೂಷನ್ ಅಂದರೆ ಪರದೆಯಲ್ಲಿ ಒಟ್ಟು ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ) ಇದೆ ಅನ್ನುವುದು, 1080ಪಿ, 1440ಪಿ, 4ಕೆ ಅದರ ಮಟ್ಟಗಳು. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂರುತ್ತದೆ ಅನ್ನುವುದರ ಮೇಲೆ ಹೋಗಿ. 24 ಇಂಚಿಗೆ 1080ಪಿ ಅಂದರೆ ಸುಮಾರು 92. 27 ಇಂಚಿಗೆ 1440ಪಿ ಅಂದರೆ ಸುಮಾರು 109. 32 ಇಂಚಿಗೆ 4ಕೆ ಅಂದರೆ ಸುಮಾರು 138, ಅದೇ 4ಕೆ 27 ಇಂಚಿನಲ್ಲಿ ಸುಮಾರು 163. ಮೇಜಿನ ಮೇಲೆ ಮಾನಿಟರ್ ಇಟ್ಟು ಒಂದು ತೋಳಿನಷ್ಟು ದೂರದಲ್ಲಿ ಕೂರುವವರಿಗೆ 90ಕ್ಕಿಂತ ಕೆಳಗೆ ಹೋದರೆ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗುತ್ತದೆ, 110ರ ಹತ್ತಿರ ಚೆನ್ನಾಗಿರುತ್ತದೆ, 140 ದಾಟಿದರೆ ಪಿಕ್ಸೆಲ್ ಅನ್ನುವುದೊಂದು ಇದೆ ಅನ್ನುವುದೇ ಮರೆತುಹೋಗುತ್ತದೆ.

27 ಇಂಚಿನ 1080ಪಿ ತಗೊಂಡರೆ ಏನಾಗುತ್ತದೆ?

ಇಂಚಿಗೆ ಸುಮಾರು 82 ಪಿಕ್ಸೆಲ್. ದೂರದ ಬೇಲಿ, ವಿದ್ಯುತ್ ತಂತಿ, ಮರದ ತುದಿಯ ಎಲೆಗಳು ಎಲ್ಲ ಮಿಣಮಿಣ ಅನ್ನುತ್ತವೆ. ತಗೋಬೇಡಿ. 1080ಪಿ ಸಾಕು ಅಂದರೆ 24 ಇಂಚಿಗೇ ನಿಲ್ಲಿ. 32 ಇಂಚಿನ 1440ಪಿ ಕೂಡ 24 ಇಂಚಿನ 1080ಪಿಯಷ್ಟೇ ಚೂಪು, ಸ್ವಲ್ಪ ಹಿಂದೆ ಸರಿದು ಕೂರುವುದಾದರೆ ಮಾತ್ರ ಅದು ಸರಿ.

ನನ್ನ ಕಾರ್ಡ್ 4ಕೆ ಎಳೆಯುತ್ತದಾ?

ಇದು ಕೂಡಿ ಕಳೆಯುವ ಲೆಕ್ಕ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ ಸುಮಾರು 82.9 ಲಕ್ಷ. ಅಂದರೆ 4ಕೆಗೆ ಪ್ರತಿ ಫ್ರೇಮ್‌ನಲ್ಲೂ (ಕಾರ್ಡ್ ಬಿಡಿಸುವ ಒಂದೊಂದು ಚಿತ್ರದಲ್ಲೂ) 1080ಪಿಯ ನಾಲ್ಕು ಪಟ್ಟು ಪಿಕ್ಸೆಲ್ ತುಂಬಬೇಕು. ಫ್ರೇಮ್ ನೇರವಾಗಿ ನಾಲ್ಕನೇ ಒಂದು ಭಾಗಕ್ಕೆ ಬೀಳುತ್ತದೆ ಅಂತೇನೂ ಇಲ್ಲ, ಪ್ರೊಸೆಸರ್‌ನ ಪಾಲೂ ಇರುತ್ತದೆ, ಆದರೆ ದೊಡ್ಡ ಹೊಡೆತವಂತೂ ಹೌದು.

ಈಗ ಒಂದು ಸಮಾಧಾನ ಇದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಥರದ ಅಪ್‌ಸ್ಕೇಲಿಂಗ್ ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ಬಿಡಿಸಿ ಅದನ್ನು 4ಕೆಗೆ ಏರಿಸುತ್ತದೆ, ಮತ್ತು ಗುರಿ ದೊಡ್ಡದಿದ್ದಷ್ಟೂ ಈ ಕೆಲಸ ಚೆನ್ನಾಗಿ ಆಗುತ್ತದೆ, ಯಾಕಂದರೆ ಅದಕ್ಕೆ ಸಿಗುವ ಮೂಲ ಪಿಕ್ಸೆಲ್‌ಗಳೂ ಜಾಸ್ತಿ ಇರುತ್ತವೆ. ಇದೇ ಅಪ್‌ಸ್ಕೇಲಿಂಗ್ 1080ಪಿ ಪರದೆಯಲ್ಲಿ ಹಾಕಿದರೆ ಚಿತ್ರ ಮಸುಕಾಗಬಹುದು. ಮಧ್ಯಮ ಶಕ್ತಿಯ ಕಾರ್ಡ್ ಇರುವವರಿಗೆ ನಾನು ಹೇಳುವುದು 27 ಇಂಚಿನ 1440ಪಿ. ಕಾರ್ಡ್ ಆಮೇಲೆ ಬದಲಾಯಿಸುವ ಯೋಚನೆ ಇದ್ದರೆ 4ಕೆ ಈಗಲೇ ತಗೊಂಡರೂ ತಪ್ಪಿಲ್ಲ, ಮಾನಿಟರ್ ಸಾಮಾನ್ಯವಾಗಿ ಕಾರ್ಡ್‌ಗಿಂತ ಜಾಸ್ತಿ ವರ್ಷ ಮೇಜಿನ ಮೇಲೆ ಇರುತ್ತದೆ.

ಐಪಿಎಸ್, ವಿಎ, ಟಿಎನ್, ಓಲೆಡ್. ಇವುಗಳಲ್ಲಿ ಯಾವುದು?

ಇವು ನಾಲ್ಕೂ ಪ್ಯಾನೆಲ್‌ನ ಬಗೆಗಳು. ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲ ಮೂರೂ ಎಲ್‌ಸಿಡಿ. ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಾ ಇರುತ್ತದೆ, ಮುಂದಿರುವ ದ್ರವ ಹರಳಿನ ಪದರ ಆ ಬೆಳಕನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ. ಪೂರ್ತಿ ತಡೆಯುವುದು ಯಾವುದಕ್ಕೂ ಆಗುವುದಿಲ್ಲ, ಒಂದಿಷ್ಟು ಬೆಳಕು ಸೋರುತ್ತದೆ. ಆ ಸೋರಿಕೆಯೇ ನಿಮಗೆ ಕಾಣುವ ಬೂದಿ ಕಪ್ಪು. ಸಾಮಾನ್ಯ ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ ಸುಮಾರು 1000ಕ್ಕೆ 1. ಅಂದರೆ ಬಿಳಿ 100 ನಿಟ್ಸ್ (ನಿಟ್ಸ್ ಅಂದರೆ ಪ್ರಕಾಶದ ಅಳತೆ) ಇದ್ದಾಗ ಕಪ್ಪು ಕೂಡ 0.1 ನಿಟ್ಸ್ ಬೆಳಗುತ್ತಿರುತ್ತದೆ. ಹಗಲಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ದೀಪ ಆರಿಸಿದ ಮೇಲೆ ಬೀಳುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ 3000ಕ್ಕೆ 1ರ ಆಸುಪಾಸು, ಕೆಲವದರಲ್ಲಿ ಇನ್ನೂ ಮೇಲೆ. ಕಪ್ಪು ಕಾಡಿಗೆಯ ಹತ್ತಿರ ಬರುತ್ತದೆ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ, ಕತ್ತಲೆ ದೃಶ್ಯದಲ್ಲಿ ಓಡಾಟ ಮಸುಕಾಗುತ್ತದೆ. ಐಪಿಎಸ್‌ನಲ್ಲಿ ಕೋನ ಬದಲಾದರೂ ಬಣ್ಣ ಕೆಡುವುದಿಲ್ಲ. ಟಿಎನ್ ವೇಗವಾಗಿರುತ್ತದೆ, ಆದರೆ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ಚಿತ್ರದ ಗುಣಮಟ್ಟ ಕೇಳಿಕೊಂಡು ಬಂದವರಿಗೆ ಟಿಎನ್ ಬೇಡವೇ ಬೇಡ.

ಓಲೆಡ್‌ನಲ್ಲಿ ಬ್ಯಾಕ್‌ಲೈಟ್ ಇಲ್ಲ. ಒಂದೊಂದು ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಅಲ್ಲಿ ಬೆಳಕೇ ಇಲ್ಲ. ಕತ್ತಲೆ ಕೋಣೆಯಲ್ಲಿ ಆಕಾಶದ ನಕ್ಷತ್ರ ತುಂಬಿದ ದೃಶ್ಯವನ್ನು ಓಲೆಡ್‌ನಲ್ಲಿ ನೋಡಿದರೆ ಪರದೆಯ ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ, ಬರೀ ಚುಕ್ಕಿಗಳು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತವೆ. ವೇಗದಲ್ಲೂ ಅದೇ ಮುಂದೆ. ಹಾಗಂತ ಎಲ್ಲರಿಗೂ ಓಲೆಡ್ ಅಂತ ನಾನು ಹೇಳುವುದಿಲ್ಲ. ಓಲೆಡ್‌ನ ಒಂದು ಬಗೆಯಾದ ಕ್ಯೂಡಿ-ಓಲೆಡ್ ಪ್ಯಾನೆಲ್ ಮೇಲೆ ಕೋಣೆಯ ಬೆಳಕು ಬಿದ್ದರೆ ಕಪ್ಪು ಸ್ವಲ್ಪ ನೇರಳೆ ಛಾಯೆಗೆ ತಿರುಗುತ್ತದೆ. ಇಡೀ ಪರದೆ ಬಿಳಿಯಾದಾಗ ಓಲೆಡ್ ತನ್ನ ಪ್ರಕಾಶ ತಾನೇ ಇಳಿಸಿಕೊಳ್ಳುತ್ತದೆ. ದಿನವಿಡೀ ಕಿಟಕಿ ತೆರೆದಿರುವ ಕೋಣೆಗೆ ಒಳ್ಳೆಯ ಐಪಿಎಸ್ ಅಥವಾ ಮಿನಿ-ಎಲ್‌ಇಡಿ ವಾಸಿ.

ಮಿನಿ-ಎಲ್‌ಇಡಿ ಅಂದರೆ ಎಲ್‌ಸಿಡಿಯೇ, ಹಿಂದಿನ ಬ್ಯಾಕ್‌ಲೈಟ್ ಮಾತ್ರ ನೂರಾರು ಭಾಗಗಳಾಗಿ ಹಂಚಿಕೊಂಡಿರುತ್ತದೆ. 576 ಭಾಗ, 1152 ಭಾಗ ಇರುವ ಮಾನಿಟರ್‌ಗಳಿವೆ. ಕತ್ತಲಿರುವ ಕಡೆ ಆ ಭಾಗ ಆರಿಸುತ್ತದೆ. ಆದರೆ 80 ಲಕ್ಷ ಪಿಕ್ಸೆಲ್‌ಗೆ ಸಾವಿರ ಭಾಗ ಅಂದರೆ ಒಂದು ಭಾಗದ ಕೆಳಗೆ ಸಾವಿರಾರು ಪಿಕ್ಸೆಲ್ ಬಂತಲ್ವಾ? ಹಾಗಾಗಿ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಮೌಸ್ ಬಾಣ ಓಡಾಡಿದರೆ ಸುತ್ತ ಒಂದು ಮಂಕು ಪ್ರಭೆ ಅದರ ಜೊತೆಗೇ ಓಡುತ್ತದೆ.

ವಿಎ ಪ್ಯಾನೆಲ್ ಕತ್ತಲಲ್ಲಿ ಮಸಿ ಎಳೆಯುತ್ತದೆ ಅಂತಾರೆ, ಅದು ಎಷ್ಟು ಕೆಟ್ಟದ್ದು?

ಇದನ್ನು ನಾನು ಒಂದು ವಿಎ ಮಾನಿಟರ್‌ನಲ್ಲಿ ಎರಡು ವರ್ಷ ಅನುಭವಿಸಿದ್ದೇನೆ. ಗುಹೆಯೊಳಗಿನ ದೃಶ್ಯ, ಕೈಯಲ್ಲಿ ಪಂಜು, ಗೋಡೆ ಕಡು ಕಂದು. ನಿಂತಲ್ಲೇ ನಿಂತರೆ ಕಲ್ಲಿನ ಒಂದೊಂದು ಬಿರುಕೂ ಕಾಣುತ್ತದೆ, ಎಷ್ಟು ಚೆಂದ ಅನಿಸುತ್ತದೆ. ಮೌಸ್ ಎಡಕ್ಕೆ ಎಳೆದ ಕೂಡಲೇ ಆ ಬಿರುಕುಗಳೆಲ್ಲ ಒದ್ದೆ ಮಸಿಯ ಮೇಲೆ ಬೆರಳು ಆಡಿಸಿದ ಹಾಗೆ ಬಲಕ್ಕೆ ಹರಡಿಕೊಳ್ಳುತ್ತವೆ. ನಿಲ್ಲಿಸಿದರೆ ಮತ್ತೆ ಸರಿ. ಕಪ್ಪಿನಿಂದ ಕಡು ಬೂದಿಗೆ ಬದಲಾಗಲು ವಿಎ ಪಿಕ್ಸೆಲ್‌ಗೆ ಜಾಸ್ತಿ ಹೊತ್ತು ಬೇಕು, ಅದಕ್ಕೇ ಹೀಗಾಗುತ್ತದೆ. ಬೆಳಕಿನ ದೃಶ್ಯದಲ್ಲಿ ಇದು ಗೊತ್ತೇ ಆಗುವುದಿಲ್ಲ.

ನಿಧಾನದ ಆಟ, ಕಾರ್ ರೇಸ್, ತಂತ್ರದ ಆಟ ಆಡುವವರಿಗೆ ಪರವಾಗಿಲ್ಲ. ಕತ್ತಲಲ್ಲಿ ವೇಗವಾಗಿ ತಿರುಗುವ ಆಟ ಆಡುವವರು ಹತ್ತು ಸಲ ಯೋಚಿಸಿ. ಹೊಸ ವೇಗದ ವಿಎ ಪ್ಯಾನೆಲ್‌ಗಳಲ್ಲಿ ಈ ತೊಂದರೆ ತುಂಬಾ ಕಡಿಮೆಯಾಗಿದೆ, ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇದೆ. ಆ ಮಾದರಿಯ ವಿಮರ್ಶೆಯಲ್ಲಿ ಕತ್ತಲೆ ದೃಶ್ಯದ ವಿಡಿಯೊ ಹುಡುಕಿ ನೋಡಿ.

ಐಪಿಎಸ್ ಮೂಲೆಯಲ್ಲಿ ಬೆಳ್ಳಗೆ ಕಾಣುತ್ತದೆ. ಮಾನಿಟರ್ ಕೆಟ್ಟಿದೆಯಾ?

ತಲೆ ಅತ್ತಿತ್ತ ಸರಿಸಿ ನೋಡಿ. ತಲೆ ಸರಿದಂತೆ ಆ ಬೆಳಕೂ ಸರಿದರೆ, ಹಿಂದೆ ಹೋದಾಗ ಕಡಿಮೆಯಾದರೆ ಅದು ಐಪಿಎಸ್‌ನ ಸ್ವಭಾವ, ಅದನ್ನು ಗ್ಲೋ ಅನ್ನುತ್ತಾರೆ. ಎಲ್ಲಿ ಕೂತು ನೋಡಿದರೂ ಅದೇ ಜಾಗದಲ್ಲಿ ಅಂಚಿನಿಂದ ಒಳಗೆ ಹಳದಿ ಅಥವಾ ಬಿಳಿ ಬೆಳಕು ಸೋರುತ್ತಿದ್ದರೆ ಅದು ಬ್ಯಾಕ್‌ಲೈಟ್ ಬ್ಲೀಡ್, ಚೌಕಟ್ಟು ಎಲ್ಲೋ ಬಿಗಿಯಾಗಿ ಒತ್ತಿದಾಗ ಬರುತ್ತದೆ. ಸ್ವಲ್ಪ ಇದ್ದರೆ ಆಡುವಾಗ ಕಾಣುವುದಿಲ್ಲ. ಜಾಸ್ತಿ ಇದ್ದರೆ ಬದಲಿ ಕೇಳಿ, ನಾಚಿಕೊಳ್ಳಬೇಡಿ. ಪರದೆ ಹಿಂದೆ ಒಂದು ಸಣ್ಣ ದೀಪ ಗೋಡೆಗೆ ಮುಖ ಮಾಡಿ ಇಟ್ಟರೆ ಎರಡೂ ಕಡಿಮೆ ಕಾಣುತ್ತವೆ, ಕಣ್ಣಿಗೂ ಹಿತ.

ಓಲೆಡ್ ತಗೊಂಡರೆ ಬರ್ನ್-ಇನ್ ಆಗುವುದಿಲ್ವಾ?

ಆಗಬಹುದು. ಒಂದೇ ಚಿತ್ರ ಒಂದೇ ಜಾಗದಲ್ಲಿ ಸಾವಿರಾರು ಗಂಟೆ ನಿಂತರೆ ಆ ಪಿಕ್ಸೆಲ್‌ಗಳು ಉಳಿದವಕ್ಕಿಂತ ಬೇಗ ಸವೆಯುತ್ತವೆ, ನೆರಳು ಉಳಿದುಬಿಡುತ್ತದೆ. ಬರೀ ಆಟಕ್ಕೆ, ಸಿನಿಮಾಕ್ಕೆ ಬಳಸುವವರಿಗೆ ಭಯ ಕಡಿಮೆ. ದಿನಕ್ಕೆ ಎಂಟು ಗಂಟೆ ಬಿಳಿ ಹಾಳೆ, ಲೆಕ್ಕದ ಪಟ್ಟಿ, ಕೆಳಗೆ ಕದಲದ ಟಾಸ್ಕ್‌ಬಾರ್ ಇಟ್ಟು ಕೆಲಸ ಮಾಡಿ ಆಮೇಲೆ ಒಂದು ಗಂಟೆ ಆಡುವವರು ನೀವಾದರೆ ಓಲೆಡ್ ನಿಮಗಲ್ಲ.

ತಗೊಂಡಿದ್ದರೆ ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಇಡಿ, ವಾಲ್‌ಪೇಪರ್ ಕಪ್ಪಿರಲಿ, ಐದು ನಿಮಿಷಕ್ಕೆ ಪರದೆ ಆರುವಂತೆ ಇಡಿ. ಮಾನಿಟರ್ ಪಿಕ್ಸೆಲ್ ರಿಫ್ರೆಶ್ (ಪಿಕ್ಸೆಲ್‌ಗಳ ಸವೆತ ಸರಿದೂಗಿಸುವ ಕೆಲಸ) ಕೇಳಿದಾಗ ಮಾಡಲು ಬಿಡಿ. ರಾತ್ರಿ ಆಫ್ ಮಾಡಿ ಮಲಗುವಾಗ ಗೋಡೆಯ ಸ್ವಿಚ್ ಆರಿಸಬೇಡಿ, ಆ ಕೆಲಸ ಸ್ಟ್ಯಾಂಡ್‌ಬೈನಲ್ಲಿ ಇದ್ದಾಗಲೇ ನಡೆಯುವುದು. ಮತ್ತೆ ವಾರಂಟಿ ಹಾಳೆಯಲ್ಲಿ ಬರ್ನ್-ಇನ್ ಅನ್ನುವ ಪದ ಇದೆಯಾ ಅಂತ ತಗೊಳ್ಳುವ ಮೊದಲೇ ಓದಿ.

ಓಲೆಡ್‌ನಲ್ಲಿ ಅಕ್ಷರದ ಅಂಚಿಗೆ ಬಣ್ಣ ಅಂಟಿದ ಹಾಗೆ ಕಾಣುತ್ತದೆ, ಯಾಕೆ?

ಎಲ್‌ಸಿಡಿಯಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿ ಇರುತ್ತವೆ, ವಿಂಡೋಸ್ ಅಕ್ಷರ ಬಿಡಿಸುವುದು ಆ ಸಾಲನ್ನು ನಂಬಿಕೊಂಡು. ಹಲವು ಓಲೆಡ್ ಪ್ಯಾನೆಲ್‌ಗಳಲ್ಲಿ ಆ ಜೋಡಣೆ ಬೇರೆ, ಕ್ಯೂಡಿ-ಓಲೆಡ್‌ಗಳಲ್ಲಿ ಬಹಳಷ್ಟು ತ್ರಿಕೋನದಂತೆ ಇವೆ. ಅದಕ್ಕೇ ಅಂಚಿನಲ್ಲಿ ಹಸಿರು, ಗುಲಾಬಿ ಗೆರೆ. 4ಕೆಯಲ್ಲಿ ಪಿಕ್ಸೆಲ್ ಸಣ್ಣದಾಗುವುದರಿಂದ ಇದು ಹೆಚ್ಚುಕಡಿಮೆ ಕಾಣುವುದಿಲ್ಲ.

ಹರ್ಟ್ಜ್ ಎಷ್ಟಿದ್ದರೆ ಸಾಕು?

ಹರ್ಟ್ಜ್ ಜಾಸ್ತಿಯಾದರೆ ಆಟ ಬೇಗ ಸ್ಪಂದಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದು ಚಿತ್ರದ ಗುಣಮಟ್ಟವೂ ಹೌದು ಅನ್ನುವುದನ್ನು ಕಡಿಮೆ ಜನ ಹೇಳುತ್ತಾರೆ. ಈಗಿನ ಪರದೆಗಳು ಒಂದು ಫ್ರೇಮ್ ತೋರಿಸಿ ಮುಂದಿನದು ಬರುವ ತನಕ ಅದನ್ನೇ ಹಿಡಿದಿರುತ್ತವೆ. ನಿಮ್ಮ ಕಣ್ಣು ಓಡುವ ವಸ್ತುವನ್ನು ಹಿಂಬಾಲಿಸುತ್ತಾ ಮುಂದೆ ಹೋಗಿರುತ್ತದೆ, ಚಿತ್ರ ಅಲ್ಲೇ ನಿಂತಿರುತ್ತದೆ, ಆ ವ್ಯತ್ಯಾಸವೇ ಮಸುಕಾಗಿ ಕಾಣುವುದು. ಒಂದು ವಸ್ತು ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. 60 ಹರ್ಟ್ಜ್‌ನಲ್ಲಿ ಅದು 16 ಪಿಕ್ಸೆಲ್ ಅಗಲಕ್ಕೆ ಹರಡಿ ಕಾಣುತ್ತದೆ, 120ರಲ್ಲಿ 8, 240ರಲ್ಲಿ 4. ಕಾರ್ಡ್ ಕೂಡ ಅಷ್ಟು ಫ್ರೇಮ್ ಕೊಟ್ಟರೆ ಮಾತ್ರ.

60ರಿಂದ 144ಕ್ಕೆ ಹೋದಾಗ ಒಂದು ಫ್ರೇಮ್‌ನ ಹೊತ್ತು 16.7 ಮಿಲಿಸೆಕೆಂಡ್‌ನಿಂದ 6.9ಕ್ಕೆ ಇಳಿಯುತ್ತದೆ. 240ರಿಂದ 360ಕ್ಕೆ ಹೋದಾಗ 4.2ರಿಂದ 2.8ಕ್ಕೆ. ಮೊದಲ ಜಿಗಿತ ಯಾರಿಗೆ ಬೇಕಾದರೂ ಕಾಣುತ್ತದೆ. ಎರಡನೆಯದು ಸ್ಪರ್ಧೆಗೆ ಆಡುವವರಿಗೆ ಬಿಟ್ಟದ್ದು. ಒಳ್ಳೆಯ ಚಿತ್ರ ಬೇಕು ಅನ್ನುವವರು 144 ಅಥವಾ 165ಕ್ಕೆ ನಿಂತು ಉಳಿದ ದುಡ್ಡನ್ನು ಪ್ಯಾನೆಲ್‌ಗೆ ಹಾಕಿ.

1 ಮಿಲಿಸೆಕೆಂಡ್ ಅಂತ ಬರೆದಿದ್ದಾರೆ. ನಂಬಬಹುದಾ?

ಅರ್ಧ. ಎರಡು ಥರದ ಅಳತೆ ಇದೆ. ಒಂದು, ಪಿಕ್ಸೆಲ್ ಒಂದು ಬೂದಿ ಛಾಯೆಯಿಂದ ಇನ್ನೊಂದಕ್ಕೆ ಬದಲಾಗಲು ತಗೊಳ್ಳುವ ಹೊತ್ತು, ಅದನ್ನು ಜಿಟಿಜಿ ಅಂತ ಬರೆಯುತ್ತಾರೆ. ಇನ್ನೊಂದು ಎಂಪಿಆರ್‌ಟಿ, ಬ್ಯಾಕ್‌ಲೈಟನ್ನು ಮಿನುಗಿಸಿ ಮಸುಕು ಕಡಿಮೆ ಮಾಡಿದಾಗ ಸಿಗುವ ಸಂಖ್ಯೆ, ಆ ಮೋಡ್ ಹಾಕಿದರೆ ಪ್ರಕಾಶ ಕುಗ್ಗುತ್ತದೆ. ಎರಡನ್ನೂ ಬರೀ 1 ಮಿಲಿಸೆಕೆಂಡ್ ಅಂತ ಬರೆದುಬಿಟ್ಟರೆ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಜಿಟಿಜಿಯ 1 ಕೂಡ ಸಾಮಾನ್ಯವಾಗಿ ಒಂದು ಅನುಕೂಲದ ಬದಲಾವಣೆಯಲ್ಲಿ, ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ಕೊನೆ ಮಟ್ಟಕ್ಕೆ ಏರಿಸಿ ಅಳೆದದ್ದು. ಆ ಮಟ್ಟದಲ್ಲಿ ಆಡಿದರೆ ಓಡುವ ವಸ್ತುವಿನ ಹಿಂದೆ ಬಿಳಿ ಅಂಚು ಹೊಳೆಯುತ್ತದೆ. ಓವರ್‌ಡ್ರೈವ್ ನಡುವಿನ ಮಟ್ಟದಲ್ಲಿ ಇಡಿ, ಬಹುತೇಕ ಮಾನಿಟರ್‌ಗಳಲ್ಲಿ ಅದೇ ಚೆನ್ನಾಗಿರುತ್ತದೆ.

ಜಿ-ಸಿಂಕ್, ಫ್ರೀಸಿಂಕ್ ಬೇಕೇ ಬೇಕಾ?

ಹೌದು, ಎರಡರಲ್ಲಿ ಯಾವುದಾದರೂ. ಕಾರ್ಡ್ ಫ್ರೇಮ್ ಕೊಟ್ಟಾಗಲೇ ಮಾನಿಟರ್ ತೋರಿಸುವಂತೆ ಇವು ಮಾಡುತ್ತವೆ, ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಕಾಣುವುದು ನಿಲ್ಲುತ್ತದೆ. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ತಂದಾಗ ಮಾನಿಟರ್ ಒಳಗೆ ಅದಕ್ಕೇ ಅಂತ ಒಂದು ಬೋರ್ಡ್ ಬೇಕಿತ್ತು, ಬೆಲೆ ಏರುತ್ತಿತ್ತು. 2019ರ ಜನವರಿಯಿಂದ ಅವರ ಕಾರ್ಡ್‌ಗಳು ಡಿಸ್‌ಪ್ಲೇಪೋರ್ಟ್ ಮೂಲಕ ಸಾಮಾನ್ಯ ಅಡಾಪ್ಟಿವ್ ಸಿಂಕ್ (ಫ್ರೀಸಿಂಕ್ ಥರದ) ಮಾನಿಟರ್‌ಗಳ ಜೊತೆಗೂ ಕೆಲಸ ಮಾಡುತ್ತವೆ. ಹಾಗಾಗಿ ಈಗ ಯಾವ ಹೆಸರಿನ ಸ್ಟಿಕ್ಕರ್ ಇದೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಫ್ರೇಮ್ ದರ ಒಂದೇ ಸಮನೆ ಏರಿಳಿದರೆ ವಿಎ ಮತ್ತು ಓಲೆಡ್‌ನಲ್ಲಿ ಕತ್ತಲೆ ಜಾಗ ಮಿನುಗುವುದುಂಟು, ಅದೂ ಲೋಡಿಂಗ್ ಪರದೆಯಲ್ಲಿ ಎದ್ದು ಕಾಣುತ್ತದೆ. ಮಾನಿಟರ್ ಕೆಟ್ಟಿಲ್ಲ. ಫ್ರೇಮ್ ದರಕ್ಕೆ ಒಂದು ಮಿತಿ ಹಾಕಿ ಸ್ಥಿರವಾಗಿಟ್ಟರೆ ಕಡಿಮೆಯಾಗುತ್ತದೆ.

ಎಚ್‌ಡಿಆರ್ 400 ಅಂತ ಬರೆದಿದೆ. ಎಚ್‌ಡಿಆರ್ ಸಿಕ್ಕಿತು ಅಂತಲೇ ಅರ್ಥ ಅಲ್ವಾ?

ಸಿಗುವುದಿಲ್ಲ. ಇಲ್ಲಿ ಜನ ಮೋಸ ಹೋಗುವುದನ್ನು ನೋಡಿ ನೋಡಿ ಬೇಜಾರಾಗಿದೆ. ಎಚ್‌ಡಿಆರ್‌ನ ಸೊಗಸು ಇರುವುದು ಒಂದೇ ದೃಶ್ಯದಲ್ಲಿ ಕಣ್ಣು ಕುಕ್ಕುವ ಬೆಳಕೂ ಕಗ್ಗತ್ತಲೂ ಅಕ್ಕಪಕ್ಕ ಇರುವುದರಲ್ಲಿ. ಅದಕ್ಕೆ ಪರದೆಯ ಒಂದು ಭಾಗ ಆರಿ ಇನ್ನೊಂದು ಭಾಗ ಜೋರಾಗಿ ಉರಿಯಬೇಕು. ಪರದೆಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ತಂದ ಡಿಸ್‌ಪ್ಲೇಎಚ್‌ಡಿಆರ್ ಮಟ್ಟಗಳಲ್ಲಿ 400 ಅನ್ನುವುದು ಕೆಳಗಿನ ಮೆಟ್ಟಿಲು. ಗರಿಷ್ಠ 400 ನಿಟ್ಸ್ ಸಾಕು, ಬ್ಯಾಕ್‌ಲೈಟ್ ಭಾಗ ಭಾಗವಾಗಿ ಆರಬೇಕು ಅನ್ನುವ ನಿಯಮವೇ ಇಲ್ಲ. ಅಂಥ ಮಾನಿಟರ್‌ನಲ್ಲಿ ಎಚ್‌ಡಿಆರ್ ಹಾಕಿದರೆ ಇಡೀ ಬ್ಯಾಕ್‌ಲೈಟ್ ಏರುತ್ತದೆ, ಕಪ್ಪೂ ಅದರ ಜೊತೆಗೇ ಏರುತ್ತದೆ, ಚಿತ್ರಕ್ಕೆ ಹಾಲು ಬೆರೆಸಿದಂತಾಗುತ್ತದೆ. ಆಫ್ ಮಾಡಿಯೇ ಆಡಿ, ಅದೇ ಚೆನ್ನಾಗಿರುತ್ತದೆ.

ನಿಜವಾದ ಎಚ್‌ಡಿಆರ್ ಬೇಕಾದರೆ ಎರಡೇ ದಾರಿ. ಒಂದು ಓಲೆಡ್. ಅದಕ್ಕೆ ವೆಸಾದವರ ಟ್ರೂ ಬ್ಲ್ಯಾಕ್ ಅನ್ನುವ ಬೇರೆಯದೇ ಗುರುತಿದೆ. ಟ್ರೂ ಬ್ಲ್ಯಾಕ್ 400 ಮತ್ತು ಬರೀ 400 ಒಂದೇ ಅಲ್ಲ, ಹೆಸರು ನೋಡಿ ಗೊಂದಲ ಆಗಬೇಡಿ. ಎರಡನೆಯದು ನೂರಾರು ಭಾಗ ಇರುವ ಮಿನಿ-ಎಲ್‌ಇಡಿ, 1000 ನಿಟ್ಸ್ ಮಟ್ಟದ್ದು. ಓಲೆಡ್‌ನಲ್ಲಿ ಸಣ್ಣ ಜಾಗದ ಹೊಳಪು ಮತ್ತು ಅದರ ಪಕ್ಕದ ಕತ್ತಲು ಸೊಗಸು. ಮಿನಿ-ಎಲ್‌ಇಡಿಯಲ್ಲಿ ಮರುಭೂಮಿಯ ಬಿಸಿಲು, ಹಿಮ ತುಂಬಿದ ಬೆಟ್ಟ ಥರದ ಇಡೀ ಪರದೆಯ ಬೆಳಕು ಸೊಗಸು.

ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ ಮೇಲೆ ಡೆಸ್ಕ್‌ಟಾಪ್ ಮಂಕಾಯಿತು ಅನ್ನುವವರು ಅದೇ ಎಚ್‌ಡಿಆರ್ ಪುಟದಲ್ಲಿರುವ ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ ಸಾಮಾನ್ಯ ಚಿತ್ರ) ಪ್ರಕಾಶದ ಸ್ಲೈಡರ್ ಸರಿಸಿ. ವಿಂಡೋಸ್ 11 ಇದ್ದರೆ ಮೈಕ್ರೋಸಾಫ್ಟ್‌ನ ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಷನ್ ಅನ್ನುವ ಉಚಿತ ಆ್ಯಪ್ ಹಾಕಿ ಒಂದು ಸಲ ಹೊಂದಿಸಿ. ಐದು ನಿಮಿಷದ ಕೆಲಸ, ಫಲ ದೊಡ್ಡದು.

ಬಣ್ಣದ ಬಗ್ಗೆ 95 ಶೇಕಡ ಡಿಸಿಐ-ಪಿ3 ಅಂತೆಲ್ಲ ಬರೆದಿರುತ್ತಾರೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಡಿಸಿಐ-ಪಿ3 ಅಂದರೆ ಒಂದು ದೊಡ್ಡ ಬಣ್ಣದ ಹರವು, ಪರದೆ ಅದರಲ್ಲಿ ಎಷ್ಟು ಪಾಲು ತೋರಿಸಬಲ್ಲದು ಅನ್ನುವ ಲೆಕ್ಕ ಇದು. ಎಚ್‌ಡಿಆರ್‌ಗೆ ಹೌದು. ಸಾಮಾನ್ಯ ಆಟಗಳಿಗೆ ಹಾಗಲ್ಲ. ಬಹುತೇಕ ಆಟ, ಚಿತ್ರ, ವಿಡಿಯೊ ಎಲ್ಲ ಎಸ್‌ಆರ್‌ಜಿಬಿ ಅನ್ನುವ ಚಿಕ್ಕ ಬಣ್ಣದ ಹರವಿಗೆ ಮಾಡಿದವು. ಅದನ್ನು ದೊಡ್ಡ ಹರವಿನ ಪರದೆ ತನ್ನಿಷ್ಟಕ್ಕೆ ಹಿಗ್ಗಿಸಿ ತೋರಿಸಿದರೆ ಮುಖಗಳು ಬಿಸಿಲಲ್ಲಿ ಬೆಂದ ಹಾಗೆ ಕೆಂಪಾಗುತ್ತವೆ, ಹುಲ್ಲು ಪ್ಲಾಸ್ಟಿಕ್ ಹಸಿರಾಗುತ್ತದೆ. ಕೆಲವರಿಗೆ ಅದೇ ಇಷ್ಟ, ಅದು ಅವರವರ ಕಣ್ಣು. ಆಟ ಮಾಡಿದವರು ಇಟ್ಟ ಬಣ್ಣವೇ ಬೇಕು ಅನ್ನುವವರು ಮಾನಿಟರ್‌ನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯಾ, ಅದರಲ್ಲಿ ಪ್ರಕಾಶ ಬದಲಾಯಿಸಲು ಬಿಡುತ್ತದಾ ಅಂತ ನೋಡಿ. ಕೆಲವು ಮಾನಿಟರ್‌ಗಳು ಆ ಮೋಡ್‌ನಲ್ಲಿ ಪ್ರಕಾಶಕ್ಕೆ ಬೀಗ ಹಾಕಿಬಿಡುತ್ತವೆ, ರಾತ್ರಿ ಬಳಸುವವರಿಗೆ ಅದು ಹಿಂಸೆ.

ಬಣ್ಣ ಎಷ್ಟು ಸರಿಯಿದೆ ಅನ್ನುವುದಕ್ಕೆ ಡೆಲ್ಟಾ ಇ ಅಂತ ಒಂದು ಅಳತೆ. 2ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

10 ಬಿಟ್ ಬೇಕಾ?

ಎಚ್‌ಡಿಆರ್ ಇದ್ದರೆ ಇರಲಿ. 8 ಬಿಟ್‌ನಲ್ಲಿ 1.67 ಕೋಟಿ ಬಣ್ಣ, 10 ಬಿಟ್‌ನಲ್ಲಿ 107 ಕೋಟಿ. ಸಂಜೆ ಆಕಾಶದಲ್ಲಿ ಬಣ್ಣ ಪಟ್ಟಿ ಪಟ್ಟಿಯಾಗಿ ಕಾಣುವುದು ಕಡಿಮೆಯಾಗುತ್ತದೆ. ಸಾಮಾನ್ಯ ಆಟಕ್ಕೆ 8 ಬಿಟ್ ಸಾಕು.

ಯಾವ ಕೇಬಲ್?

ಕಂಪ್ಯೂಟರ್‌ಗೆ ಡಿಸ್‌ಪ್ಲೇಪೋರ್ಟ್, ಕನ್ಸೋಲ್‌ಗೆ ಎಚ್‌ಡಿಎಂಐ. ಎಚ್‌ಡಿಎಂಐ 2.0ರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್, ಅದರಲ್ಲಿ 4ಕೆ 60 ಹರ್ಟ್ಜ್ ಅಥವಾ 1440ಪಿ 144 ಹರ್ಟ್ಜ್ ಹೋಗುತ್ತದೆ. ಎಚ್‌ಡಿಎಂಐ 2.1ರಲ್ಲಿ 48 ಗಿಗಾಬಿಟ್ ತನಕ ಹೋಗಬಹುದು. ಆದರೆ ಪೆಟ್ಟಿಗೆಯ ಮೇಲೆ 2.1 ಅಂತ ಬರೆದ ಮಾತ್ರಕ್ಕೆ ಪೂರ್ತಿ 48 ಸಿಗುತ್ತದೆ ಅಂತಿಲ್ಲ, 4ಕೆ 120 ಹರ್ಟ್ಜ್ ಎಚ್‌ಡಿಎಂಐನಲ್ಲಿ ಬರುತ್ತದಾ ಅಂತಲೇ ನೇರವಾಗಿ ಹುಡುಕಿ. ಮೊದಲು ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಹಾಕಿ. ಹಳೆಯ ಕೇಬಲ್ ಹಾಕಿ ಪರದೆ ಆಗಾಗ ಕಪ್ಪಾಗುತ್ತದೆ ಅಂತ ಮಾನಿಟರನ್ನೇ ವಾಪಸ್ ಕೊಟ್ಟವರಿದ್ದಾರೆ.

ಪಿಎಸ್5 ಅಥವಾ ಎಕ್ಸ್‌ಬಾಕ್ಸ್‌ಗೆ 1440ಪಿ ಮಾನಿಟರ್ ಆಗುತ್ತದಾ?

ಆಗುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 1440ಪಿ 120 ಹರ್ಟ್ಜ್ ಕೊಡುತ್ತದೆ. ಪಿಎಸ್5ಗೆ 1440ಪಿ ಬಂದದ್ದು 2022ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ. ಆದರೆ ಪಿಎಸ್5ನಲ್ಲಿ ವಿಆರ್‌ಆರ್ (ಜಿ-ಸಿಂಕ್, ಫ್ರೀಸಿಂಕ್ ಮಾಡುವ ಕೆಲಸವೇ) ಬೇಕಾದರೆ ಮಾನಿಟರ್ ಎಚ್‌ಡಿಎಂಐ 2.1ರ ವಿಆರ್‌ಆರ್‌ಗೆ ಹೊಂದಬೇಕು, ಬರೀ ಫ್ರೀಸಿಂಕ್ ಸಾಕಾಗುವುದಿಲ್ಲ. ಕನ್ಸೋಲ್ ಗರಿಷ್ಠ 120 ಹರ್ಟ್ಜ್, ಅದಕ್ಕಾಗಿ 240ರ ಮಾನಿಟರ್ ಬೇಡ.

ಬಾಗಿದ ಪರದೆ?

34 ಇಂಚಿನ ಅಗಲದ ಪರದೆಗೆ ಚೆನ್ನಾಗಿರುತ್ತದೆ. 27ಕ್ಕೆ ಅಗತ್ಯ ಇಲ್ಲ. 1800ಆರ್ ಅಂದರೆ 1800 ಮಿಲಿಮೀಟರ್ ತ್ರಿಜ್ಯದ ಬಾಗು, ಸಂಖ್ಯೆ ಕಡಿಮೆಯಾದಷ್ಟೂ ಬಾಗು ಜಾಸ್ತಿ.

ಹೊಳಪಿನ ಪರದೆಯಾ, ಮ್ಯಾಟ್ ಪರದೆಯಾ?

ಮತ್ತೆ ಕೋಣೆಯ ಮಾತೇ. ಹೊಳಪಿನ ಪರದೆಯಲ್ಲಿ ಬಣ್ಣ ಗಾಜಿನ ಹಿಂದಿನ ನೀರಿನಷ್ಟು ತಿಳಿಯಾಗಿ ಕಾಣುತ್ತದೆ, ಆದರೆ ಹಿಂದಿನ ದೀಪವೂ ನಿಮ್ಮ ಮುಖವೂ ಅದರಲ್ಲಿ ಕಾಣುತ್ತದೆ. ಮ್ಯಾಟ್ ಆ ಬೆಳಕನ್ನು ಚದುರಿಸುತ್ತದೆ, ಬದಲಿಗೆ ಬಿಳಿ ಹಿನ್ನೆಲೆಯಲ್ಲಿ ಸಣ್ಣ ಮರಳಿನಂಥ ಕಾಳು ಕಾಣಬಹುದು. ಬೆಳಕನ್ನು ನಿಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲಿರಾದರೆ ಹೊಳಪಿನದೇ ಚೆಂದ.

ಹೊಸ ಮಾನಿಟರ್‌ನಲ್ಲಿ ಕಪ್ಪು ಮಂಕಾಗಿದೆ, ಬಣ್ಣ ತೆಳುವಾಗಿದೆ. ಪ್ಯಾನೆಲ್ ಕೆಟ್ಟದ್ದಾ?

ಮೊದಲು ಸೆಟ್ಟಿಂಗ್ ನೋಡಿ. ಎಚ್‌ಡಿಎಂಐನಲ್ಲಿ ಕಾರ್ಡ್ ಕೆಲವೊಮ್ಮೆ ಮಾನಿಟರನ್ನು ಟಿವಿ ಅಂದುಕೊಂಡು ಸೀಮಿತ ಶ್ರೇಣಿಯ ಬಣ್ಣ ಕಳಿಸುತ್ತದೆ. ಅದರಲ್ಲಿ ಕಪ್ಪು ಅಂದರೆ 0 ಬದಲು 16, ಬಿಳಿ ಅಂದರೆ 255 ಬದಲು 235. ಮಾನಿಟರ್ ಅದನ್ನು ಪೂರ್ತಿ ಶ್ರೇಣಿ ಅಂತ ಓದಿದರೆ ಕಪ್ಪೆಲ್ಲ ಬೂದಿ. ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಶ್ರೇಣಿಯನ್ನು ಫುಲ್ ಮಾಡಿ. ಒಳ್ಳೆಯ ಪ್ಯಾನೆಲ್‌ಗೆ ಸುಮ್ನೆ ಕೆಟ್ಟ ಹೆಸರು ಬರುವುದು ಹೆಚ್ಚಾಗಿ ಇದರಿಂದಲೇ.

ಮನೆಗೆ ತಂದ ದಿನ ಏನೇನು ಪರೀಕ್ಷೆ ಮಾಡಬೇಕು?

ಮೊದಲು ಹರ್ಟ್ಜ್. ವಿಂಡೋಸ್ ಎಷ್ಟೋ ಸಲ 60ಕ್ಕೇ ಇಟ್ಟಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋಗಿ ಪೂರ್ತಿ ಏರಿಸಿ. ನನ್ನ ತಮ್ಮ 144ರ ಮಾನಿಟರನ್ನು ನಾಲ್ಕು ತಿಂಗಳು 60ರಲ್ಲೇ ಆಡಿದ. ನಾನು ಮನೆಗೆ ಹೋದಾಗ ಮೌಸ್ ಬಾಣವನ್ನು ಗುಂಡಗೆ ತಿರುಗಿಸಿ ನೋಡಿದೆ, ಬಾಣಗಳ ನಡುವೆ ಅಗಲ ಅಗಲ ಅಂತರ ಕಂಡಿತು, ಆಗಲೇ ಅನುಮಾನ ಬಂತು. ಬದಲಾಯಿಸಿದ ಮೇಲೆ ಅವನು ಅರ್ಧ ಗಂಟೆ ಆಟ ತೆಗೆಯಲೇ ಇಲ್ಲ, ಪರದೆಯ ಮೇಲಿನ ವಿಂಡೋಗಳನ್ನು ಎಳೆದಾಡುತ್ತಲೇ ಕೂತಿದ್ದ.

ಆಮೇಲೆ ಇಡೀ ಪರದೆಗೆ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಮೊದಲು ಬಟ್ಟೆಯಿಂದ ಒರೆಸಿ, ಧೂಳಿನ ಕಣ ಎಷ್ಟೋ ಸಲ ಸತ್ತ ಪಿಕ್ಸೆಲ್ ಥರ ಕಾಣುತ್ತದೆ. ಕಪ್ಪು ಹಾಕಿದಾಗ ದೀಪ ಆರಿಸಿ ನಾಲ್ಕೂ ಮೂಲೆ ನೋಡಿ. ಬೂದಿ ಬಣ್ಣ ಹಾಕಿ ಮಧ್ಯೆ ಕಲೆ, ಪಟ್ಟಿ ಇದೆಯಾ ನೋಡಿ, ಓಲೆಡ್ ಆದರೆ ಕಡು ಬೂದಿಯಲ್ಲಿ ತೆಳ್ಳನೆ ಉದ್ದ ಗೆರೆ ಸ್ವಲ್ಪ ಇರುವುದು ಸಹಜ. ಫೋಟೊ ತೆಗೆದು ಬೆಳಕಿನ ಸೋರಿಕೆ ಅಳೆಯಬೇಡಿ, ಫೋನ್ ಕ್ಯಾಮೆರಾ ಕತ್ತಲಲ್ಲಿ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ.

ಪ್ರಕಾಶ ಕಾರ್ಖಾನೆಯಲ್ಲಿ ಇಟ್ಟಷ್ಟೇ ಬಿಡಬೇಡಿ, ಸಾಮಾನ್ಯವಾಗಿ ತುಂಬಾ ಜಾಸ್ತಿ ಇರುತ್ತದೆ. ಒಂದು ಬಿಳಿ ಕಾಗದ ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಆ ಕಾಗದದಷ್ಟೇ ಬೆಳ್ಳಗೆ ಕಾಣುವ ತನಕ ಇಳಿಸಿ. ರಾತ್ರಿ ಇನ್ನೊಮ್ಮೆ ಇಳಿಸಿ. ಇದೆಲ್ಲವನ್ನೂ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಾಡಿ, ಪೆಟ್ಟಿಗೆ ಮತ್ತು ಒಳಗಿನ ಥರ್ಮಾಕೋಲ್ ಅಲ್ಲಿಯ ತನಕ ಎಸೆಯಬೇಡಿ.